ಅಣ್ಣನ ಯೆಜ್ಡಿಯೂ ನಮ್ಮದೊಂದು ಸುಳ್ಳೂ

ಈ ತಿಂಗಳ ಬರಹಕ್ಕೆ ನಾವು ಎತ್ತಿಕೊಂಡಿರುವ ವಸ್ತುವನ್ನು ಕಂಡು ಓದುಗ ಬಂಧುಗಳಲ್ಲಿ ಕೆಲವರಿಗೆ ನಗು ಬರಬಹುದು. ವ್ಯಾಕರಣ, ಛಂದಸ್ಸು, ಓಲೆಗರಿಗಳ ಪಾಠಾಂತರ ಎಂದು ಬರೆಯುತ್ತ ಬಂದವರಿಗೆ ಮೋಟಾರ್ ಸೈಕಲ್ಲಿನ ಗೊಡವೆ ಏಕೆ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ಮನೆಯ ಪಡಸಾಲೆಯ ಬದಿಯಲ್ಲಿ ಸುಮಾರು ನಾಲ್ಕು ದಶಕಗಳಿಂದ ನಿಂತಿರುವ ಒಂದು ಯಂತ್ರ ನಮಗೆ ಪಾಠವೊಂದನ್ನು ಹೇಳಿದೆ. ಮಠದ ಪಾಠಶಾಲೆಯಲ್ಲಿ ಹನ್ನೊಂದು ವರ್ಷ ಕಲಿತರೂ ನಮಗೆ ದಕ್ಕದೆ ಉಳಿದಿದ್ದ ಪಾಠವದು. ಅದನ್ನು ಈಗಲೂ ಮುಚ್ಚಿಟ್ಟರೆ ಕಲಿತದ್ದಕ್ಕೆ ಅರ್ಥವಿರುವುದಿಲ್ಲ.

ನಮ್ಮೂರು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಪಾಪಿನಾಯಕನಹಳ್ಳಿಯನ್ನು ದಾಟಿದ ಮೇಲೆ, ತೋರಣಗಲ್ಲು ಬರುವುದಕ್ಕೆ ಮೊದಲು ಸಿಗುತ್ತದೆ. ಪುಟ್ಟದೊಂದು ರೈಲು ನಿಲ್ದಾಣವಿದೆ. ಅಂದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ದಕ್ಷಿಣಕ್ಕೆ ತಿರುಗಿ ನಿಂತರೆ ಸಂಡೂರಿನ ಬೆಟ್ಟಸಾಲು ಕಾಣುತ್ತದೆ. ಆ ಬೆಟ್ಟಗಳ ಹೊಟ್ಟೆಯಲ್ಲಿರುವ ಕಬ್ಬಿಣದ ಅದಿರಿನ ಕೆಂಪು ಧೂಳು ನಮ್ಮ ಕಡೆಯ ಬಾಗಿಲು, ಕಿಟಕಿ, ಒಗೆದು ಹರವಿದ ಬಟ್ಟೆ ಯಾವುದನ್ನೂ ಬಿಟ್ಟದ್ದಿಲ್ಲ.

ನಮ್ಮ ಅಣ್ಣ ನಮಗಿಂತ ಹನ್ನೆರಡು ವರ್ಷ ಹಿರಿಯ. ತಂದೆಯವರು ಬೇಗ ತೀರಿಕೊಂಡದ್ದರಿಂದ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ನೇಗಿಲು ಹಿಡಿದವರು. ನಮ್ಮನ್ನು ಹತ್ತನೆಯ ವಯಸ್ಸಿಗೆ ಮಠಕ್ಕೆ ಒಯ್ದು ಬಿಟ್ಟು, "ನೀನಾದರೂ ಓದು" ಎಂದು ಹೇಳಿ ಹಿಂದಿರುಗಿ ನೋಡದೆ ನಡೆದು ಹೋದ ಅವರ ಬೆನ್ನು ಇಂದಿಗೂ ನಮ್ಮ ಕಣ್ಣಮುಂದಿದೆ. ನಾವು ಓದಿ ಶಾಸ್ತ್ರಿಗಳೆನಿಸಿಕೊಂಡು ಊರಿಗೆ ಬಂದೆವು. ಶ್ರಾವಣ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರುಗಳಿಂದ ಪುರಾಣ ಪ್ರವಚನಕ್ಕೆ ಕರೆ ಬರುತ್ತಿತ್ತು. ರಾತ್ರಿ ಪ್ರವಚನ ಮುಗಿಯುವ ಹೊತ್ತಿಗೆ ಕಡೆಯ ಬಸ್ಸು ಹೋಗಿರುತ್ತಿತ್ತು. ಎಷ್ಟೋ ಸಲ ಲಾರಿಗೆ ಕೈಯೊಡ್ಡಿ, ಅದಿರಿನ ರಾಶಿಯ ಮೇಲೆ ಕುಳಿತು ಬಂದು, ಬೆಳಗ್ಗೆ ಬಿಳಿಯ ಧೋತರವನ್ನು ಕಾವಿಯಾಗಿ ಕಂಡದ್ದುಂಟು.

1986ರಲ್ಲಿ ಹತ್ತಿ ಚೆನ್ನಾಗಿ ಬಂತು. ಅಣ್ಣ ಯಾರಿಗೂ ಹೇಳದೆ ಹೋಗಿ ಒಂದು ಯೆಜ್ಡಿ ರೋಡ್‌ಕಿಂಗ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಅತ್ತಿಗೆಯವರು, "ಎತ್ತು ತರ್ತೀನಂತ ಹೋಗಿ ಇದೇನು ತಂದ್ರಿ?" ಎಂದು ಕೇಳಿದರು. "ತಮ್ಮ ರಾತ್ರಿಹೊತ್ತು ಮನಿಗೆ ಬರಬೇಕಲ್ಲ" ಎಂದಷ್ಟೇ ಅಣ್ಣನ ಉತ್ತರ.

ಈ ಯಂತ್ರದ ವಂಶಾವಳಿಯನ್ನು ಹೇಳದೆ ಮುಂದೆ ಹೋಗುವುದು ಪಂಡಿತರ ಜಾಯಮಾನವಲ್ಲ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ತಂತ್ರಜ್ಞರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದರು. ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದು ಹೆಸರಿಟ್ಟರು. ನಮ್ಮ ವೈಯಾಕರಣರು ಪ್ರತ್ಯಾಹಾರ ಮಾಡಿದಂತೆಯೇ ಇದು! ಆ ಜಾವಾ ನಮ್ಮ ನಾಡಿಗೆ ಬಂದದ್ದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಸಾಹಸದಿಂದ. ಮೈಸೂರಿನ ಯಾದವಗಿರಿಯಲ್ಲಿ ಅವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಆ ದಶಕದ ಕೊನೆಗೆ ಬಂದ ರೋಡ್‌ಕಿಂಗ್ ಆ ವಂಶದ ಜನಪ್ರಿಯ ಕುಡಿ. ಹೆಸರೇ ಹೇಳುವಂತೆ ದೂರದ ದಾರಿಗೆಂದು ಅದನ್ನು ಮಾಡಿದ್ದರು.

ದೂರದ ದಾರಿಗೆ ಅದು ಹೇಗೆ ಒದಗುತ್ತಿತ್ತು ಎಂಬುದನ್ನು ನಾವು ಅನುಭವದಿಂದ ಬಲ್ಲೆವು. ಯಂತ್ರ ಸುಮಾರು 250 ಸಿ.ಸಿ.ಯದು. ಒಂದೇ ಸಿಲಿಂಡರು, ಅದರ ಅಗಲ 65 ಮಿಲಿಮೀಟರ್, ಒಳಗೆ ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರ್. ಅಗಲಕ್ಕಿಂತ ಓಡಾಟ ಉದ್ದವಾದದ್ದರಿಂದ ಅದು ಕಿರುಚಿ ಓಡುವ ಜಾತಿಯಲ್ಲ. ನಿಧಾನದಲ್ಲಿಯೂ ಸೋಲದೆ ಎಳೆಯುವ ಎತ್ತಿನ ಜಾತಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಪಕ್ಕಕ್ಕೆ ಗ್ರಂಥಗಳ ಗಂಟು ಕಟ್ಟಿ ಸಂಡೂರಿನ ಏರು ಹತ್ತಿದರೂ ಅದರ ದನಿ ಒಡೆಯುತ್ತಿರಲಿಲ್ಲ. ಸಿಲಿಂಡರು ಒಂದಾದರೂ ಹೊಗೆ ಹೋಗಲು ಬಾಯಿ ಎರಡು, ಸೈಲೆನ್ಸರು ಎರಡು. ಎಡಕ್ಕೊಂದು, ಬಲಕ್ಕೊಂದು. ಹೊಸಬರು ಎರಡು ಕೊಳವೆ ಕಂಡು ಎರಡು ಇಂಜಿನ್ನೆಂದು ಭ್ರಮಿಸುವರು. ಅದರ ದನಿಯನ್ನು ಬಲ್ಲವರು ಊರ ಹೊರಗೆ ಕೇಳಿದರೂ ಗುರುತಿಸುವರು. ಮಲಗಿದ್ದ ಅತ್ತಿಗೆಯವರು ರೈಲು ಗೇಟಿನ ಆಚೆಗೇ ನಮ್ಮ ಸದ್ದು ಹಿಡಿದು ಎದ್ದು ದೀಪ ಹಾಕುತ್ತಿದ್ದರು.

ಇನ್ನೊಂದು ಜಾಣ್ಮೆ ಅದರ ಎಡಗಾಲಿನ ಬಳಿಯ ಸನ್ನೆಯದು. ಚಾಲೂ ಮಾಡುವ ಕಿಕ್ಕರೂ ಅದೇ, ಗೇರು ಬದಲಿಸುವ ಕಡ್ಡಿಯೂ ಅದೇ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರಾಗುತ್ತದೆ; ಚಾಲೂ ಮಾಡಿ ಮುಂದಕ್ಕೆ ಮಡಿಸಿದರೆ ಗೇರಾಗುತ್ತದೆ. ಅರಿಯದವರು ಬಲಗಡೆಯಲ್ಲಿ ಕಿಕ್ಕರು ಹುಡುಕಿ ತಬ್ಬಿಬ್ಬಾಗುವುದನ್ನು ನಾವು ಎಷ್ಟೋ ಊರುಗಳಲ್ಲಿ ಕಂಡಿದ್ದೇವೆ. ಆ ಕಡ್ಡಿಯನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಹೀಗಾಗಿ ಓಡುತ್ತಿರುವಾಗ ಗೇರು ಬದಲಿಸಲು ಕೈಯ ಹಂಗೇ ಇಲ್ಲ. ಹಿಂದಿನ ಗಾಲಿಯ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಇರುತ್ತದೆ. ಬೇರೆ ಗಾಡಿಗಳ ಚೈನು ನಮ್ಮ ಅದಿರಿನ ಧೂಳಿಗೆ ಮರಳುಕಾಗದ ತಿಕ್ಕಿದಂತೆ ಸವೆದು ಹೋಗುತ್ತಿದ್ದಾಗ ಅಣ್ಣನ ಯೆಜ್ಡಿಯ ಚೈನು ಎಣ್ಣೆ ಹಚ್ಚಿಕೊಂಡು ತಣ್ಣಗಿರುತ್ತಿತ್ತು. ಪ್ರಾಗ್ ನಗರದಲ್ಲಿ ಕುಳಿತು ನಕ್ಷೆ ಬರೆದವರು ಸಂಡೂರಿನ ಧೂಳನ್ನು ಕಂಡವರಲ್ಲ. ಆದರೂ ಧೂಳು ಎಂಬುದೊಂದು ಇರುತ್ತದೆ, ಹೊಲಸು ದಾರಿ ಎಂಬುದೊಂದು ಇರುತ್ತದೆ, ಕೈಯಲ್ಲಿ ಪಾನಾ ಹಿಡಿದು ದಾರಿಯಲ್ಲಿ ಕುಳಿತುಕೊಳ್ಳುವವನೊಬ್ಬ ಇರುತ್ತಾನೆ ಎಂದು ನೆನೆದು ಮಾಡಿದ್ದರು.

ಆದರೆ ಅವರು ಸವಾರನ ಮೇಲೆ ಒಂದು ಹೊಣೆಯನ್ನು ಹೊರಿಸಿದ್ದರು. ನಮ್ಮ ಕಥೆಯ ಗಂಟು ಇರುವುದು ಅಲ್ಲಿಯೇ. ಇಂದಿನ ಬಹುಪಾಲು ಗಾಡಿಗಳಲ್ಲಿ ಇಂಜಿನ್ನಿನ ಎಣ್ಣೆಗೆ ಬೇರೆ ತೊಟ್ಟಿ ಇರುತ್ತದೆ. ಆ ಟೂ ಸ್ಟ್ರೋಕ್ ಯಂತ್ರದಲ್ಲಿ ಹಾಗಲ್ಲ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕೆಳಗಿನ ಗೂಡಿಗೆ ಹೋಗಿ, ಅಲ್ಲಿಂದ ಮೇಲೇರಿ ಸಿಲಿಂಡರಿನಲ್ಲಿ ಉರಿಯುತ್ತದೆ. ಆ ಗೂಡಿನಲ್ಲಿ ತಿರುಗುವ ಬೇರಿಂಗು, ಮೇಲೆ ಕೆಳಗೆ ಓಡುವ ಪಿಸ್ಟನ್ನು ಎಲ್ಲಕ್ಕೂ ಜಾರುವಿಕೆ ಸಿಗಬೇಕಾದರೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆತಿರಬೇಕು. ಬೆರೆಸುವವನು ಸವಾರ. ಮರೆತರೆ ಗಾಡಿ ಕೂಡಲೇ ನಿಲ್ಲುವುದಿಲ್ಲ. ಹಿಂದಿನ ಎಣ್ಣೆಯ ಪಸೆ ಇರುವವರೆಗೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಆಮೇಲೆ ಪಿಸ್ಟನ್ ಕಾದು ಹಿಗ್ಗಿ ಕಬ್ಬಿಣದ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಕಡೆ ಅದನ್ನು ಇಂಜಿನ್ ಜಾಮಾಯಿತು ಎನ್ನುತ್ತಾರೆ.

ಅಣ್ಣ ನಮಗೆ ಗಾಡಿ ಕಲಿಸಿದ ದಿನವೇ ಮೂರು ಕಟ್ಟಳೆ ಹೇಳಿದ್ದರು. ಒಂದು, ಲೀಟರಿಗೆ 40 ಮಿಲಿ ಎಣ್ಣೆ ತಪ್ಪಬಾರದು. ಎರಡು, ಬೆಟ್ಟದ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹಳ ದೂರ ಇಳಿಯಬಾರದು; ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ, ಆದ್ದರಿಂದ ನಡುನಡುವೆ ಒಂದಿಷ್ಟು ಕೊಡುತ್ತಿರಬೇಕು. ಮೂರು, ಸೈಲೆನ್ಸರಿನೊಳಗಿನ ಮಸಿಯನ್ನು ಕಾಲಕಾಲಕ್ಕೆ ತೆಗೆಯಬೇಕು. ಉಸಿರು ಕಟ್ಟಿದರೆ ಎತ್ತೂ ಎಳೆಯದು, ಗಾಡಿಯೂ ಎಳೆಯದು. ಎಣ್ಣೆಯ ಬಾಟಲಿಯನ್ನೂ ಅಳತೆಯ ಮುಚ್ಚಳವನ್ನೂ ಪಕ್ಕದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. "ಓದಿದಾವ ನೀನು. ಇದೂ ಓದೋ ವಸ್ತುನ" ಎಂದಿದ್ದರು. ನಾವು ಮೇಲೆ ಮೇಲೆ ತಲೆಯಾಡಿಸಿದೆವು. ಕೈಗೆ ಎಣ್ಣೆ ಮೆತ್ತಿಸಿಕೊಳ್ಳುವ ವಿದ್ಯೆ ವಿದ್ಯೆಯಲ್ಲ ಎಂಬ ಗರ್ವ ಆ ವಯಸ್ಸಿನಲ್ಲಿ ನಮಗಿತ್ತು.

1989ರ ಶ್ರಾವಣದ ಕೊನೆಯ ರಾತ್ರಿ. ಕಂಪ್ಲಿಯಲ್ಲಿ ಒಂದು ತಿಂಗಳ ಪ್ರವಚನದ ಮಂಗಲ. ಅಣ್ಣನ ಮಗ ಆಗ ಒಂಬತ್ತು ವರ್ಷದ ಹುಡುಗ. ಹಟ ಹಿಡಿದು ನಮ್ಮೊಡನೆ ಬಂದಿದ್ದ. ಜನ ಶಾಲು ಹೊದಿಸಿದರು, ಫಲ ತಾಂಬೂಲ ಕೊಟ್ಟರು, ನಮ್ಮ ಕಂಠವನ್ನು ಹೊಗಳಿದರು. ಹೊರಡುವಾಗ ನೋಡಿದರೆ ಪೆಟ್ರೋಲು ರಿಸರ್ವಿಗೆ ಬಂದಿತ್ತು. ಬಂಕಿನಲ್ಲಿ ಐದು ಲೀಟರು ಹಾಕಿಸಿದೆವು. ನಮ್ಮನ್ನು ಕಳುಹಿಸಲು ಬಂದಿದ್ದ ಹಿರಿಯರೊಬ್ಬರು ಆ ದಿನದ ಪದ್ಯಗಳ ಅರ್ಥವನ್ನು ಎತ್ತಿ ಆಡುತ್ತಿದ್ದರು. ನಾವು ಆ ಮಾತಿನ ಸುಖದಲ್ಲಿದ್ದೆವು. ಪಕ್ಕದ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ.

ಹೊಸಪೇಟೆ ದಾಟುವವರೆಗೆ ಗಾಡಿ ಎಂದಿನಂತೆಯೇ ಓಡಿತು. ಪಾಪಿನಾಯಕನಹಳ್ಳಿ ಹತ್ತಿರವಾಗುತ್ತಿದ್ದಂತೆ ಅದರ ಎಳೆತ ಕುಗ್ಗಿತು. ಒಳಗೆ ಲೋಹ ಲೋಹವನ್ನು ತಿಕ್ಕಿದ ದನಿ ಕೇಳಿಸಿತು. ಕ್ಲಚ್ಚು ಹಿಡಿಯಬೇಕೆಂದು ಬಲ್ಲವನಾದರೆ ಹಿಡಿಯುತ್ತಿದ್ದ. ನಾವು ಇನ್ನಷ್ಟು ಆಕ್ಸಿಲರೇಟರ್ ಕೊಟ್ಟೆವು. ಇಂಜಿನ್ ಕಚ್ಚಿಕೊಂಡು ಹಿಂದಿನ ಗಾಲಿ ಹಾಗೆಯೇ ಬಿಗಿಯಿತು. ಗಾಡಿ ಅಡ್ಡಡ್ಡ ಜಾರಿ ರಸ್ತೆಯ ಬದಿಗೆ ಉರುಳಿತು. ನಮಗೆ ತರಚು ಗಾಯ. ಹಿಂದೆ ತೂಕಡಿಸುತ್ತ ಕುಳಿತಿದ್ದ ಹುಡುಗ ಮೊಣಕೈ ಊರಿ ಬಿದ್ದಿದ್ದ. ಅವನು ಕೂಗಿದ ಕೂಗನ್ನು ನಾವು ಇಲ್ಲಿ ಬರೆಯಲಾರೆವು.

ದೂರದಲ್ಲಿ ಲಾರಿಯ ಬೆಳಕು ಕಾಣಿಸಿತು. ಅದು ಹತ್ತಿರ ಬರುವುದರೊಳಗೆ ನಾವು ಮಾಡಿದ ಕೆಲಸವನ್ನು ಹೇಳಲೆಂದೇ ಇಷ್ಟು ಬರೆದೆವು. ಪಕ್ಕದ ಪೆಟ್ಟಿಗೆ ತೆರೆದುಕೊಂಡಿತ್ತು. ಎಣ್ಣೆಯ ಬಾಟಲಿ ಒಡೆಯದೆ, ತುಂಬಿದಂತೆಯೇ ಹೊರಗೆ ಬಿದ್ದಿತ್ತು. ಅದನ್ನು ಕಂಡೊಡನೆ ನಮಗೆ ಎಲ್ಲವೂ ತಿಳಿಯಿತು. ಮಗು ನರಳುತ್ತಿರುವಾಗ ನಾವು ಆ ಬಾಟಲಿಯ ಮುಚ್ಚಳ ತೆಗೆದು ಎಣ್ಣೆಯನ್ನೆಲ್ಲ ನೆಲಕ್ಕೆ ಸುರಿದೆವು. ಖಾಲಿ ಬಾಟಲಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆವು. ಟ್ಯಾಂಕಿನೊಳಗೆ ಸುರಿಯಬೇಕೆಂಬುದು ಹೊಳೆಯಲೂ ಇಲ್ಲ. ಯಂತ್ರವನ್ನು ಅರಿಯದವನ ಸುಳ್ಳು ಅಷ್ಟೇ ಜಾಣತನದ್ದು.

ಲಾರಿಯವರು ಪುಣ್ಯಾತ್ಮರು. ನಮ್ಮನ್ನು ಹೊಸಪೇಟೆಯ ಆಸ್ಪತ್ರೆಗೆ ಮುಟ್ಟಿಸಿದರು. ಪೆಟ್ಟು ಕೀಲಿಗೇ ಬಿದ್ದಿತ್ತು. ಮೂಳೆ ಕೂಡಿತು, ಆದರೆ ಹುಡುಗನ ಎಡಗೈ ಮತ್ತೆ ಪೂರ್ತಿ ನೀಳವಾಗಲಿಲ್ಲ. ಬೆಳಗಿನ ಜಾವ ಓಡಿ ಬಂದ ಅಣ್ಣನಿಗೆ ನಾವು ಹೇಳಿದ ಮಾತು ಇದು: "ಎಣ್ಣೆ ಹಾಕಿಯೇ ಹೊರಟೆ ಅಣ್ಣ. ಗಾಡಿ ತಾನಾಗಿಯೇ ಕಚ್ಚಿಕೊಂಡಿತು."

ಅದಕ್ಕೆ ಎಂಟೇ ದಿನ ಮೊದಲು ಹೊಸಪೇಟೆಯ ಮೇಸ್ತ್ರಿಯೊಬ್ಬರು ಆ ಗಾಡಿಯ ಇಂಜಿನ್ ಬಿಚ್ಚಿ ರಿಂಗು ಬದಲಿಸಿ ಕೂಡಿಸಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಬರೆದರೆ ಅವರೇ ಸಂಕೋಚಪಡುವರು. ಅಣ್ಣನಿಗೆ ಕಂಡದ್ದು ಆಸ್ಪತ್ರೆಯ ಮಂಚದ ಮೇಲಿದ್ದ ಮಗ. ನೆಟ್ಟಗೆ ಮೇಸ್ತ್ರಿಯ ಅಂಗಡಿಗೆ ಹೋಗಿ, ಬೀದಿಯ ಜನ ಕೂಡುವಂತೆ, "ನನ್ನ ಮಗನ್ನ ಕೊಲ್ತಿದ್ದಿ" ಎಂದು ಕೂಗಾಡಿದರು. ನಾವು ಹಿಂದೆಯೇ ನಿಂತಿದ್ದೆವು. ನಮ್ಮ ಬಾಯಲ್ಲಿ ನೂರಾರು ಪದ್ಯಗಳಿದ್ದವು. ಒಂದು ನಿಜವನ್ನಾಡುವ ಶಕ್ತಿ ಇರಲಿಲ್ಲ. ಮೇಸ್ತ್ರಿ ಎದುರಾಡಲಿಲ್ಲ. "ಗಾಡಿ ತರಿಸ್ರಿ, ಬಿಚ್ಚಿ ನೋಡೋಣ" ಎಂದಷ್ಟೇ ಹೇಳಿದರು. ನಾವು ಹುಡುಗನ ನೆಪ ಹೇಳಿ ಆಸ್ಪತ್ರೆಗೆ ಹೋದೆವು. ಗಾಡಿ ಬಿಚ್ಚುವಾಗ ಅಲ್ಲಿರಲಿಲ್ಲ.

ಸಂಜೆ ಅಣ್ಣ ಬಂದರು. ಕೂಗಾಟವೆಲ್ಲ ಇಳಿದಿತ್ತು. ಕಿಸೆಯಿಂದ ಗೀರು ಬಿದ್ದ ಹಳೆಯ ಪಿಸ್ಟನ್ನನ್ನು ತೆಗೆದು ಕಿಟಕಿಯ ಮೇಲಿಟ್ಟು ಸುಮ್ಮನೆ ಕುಳಿತರು. ಸಿಲಿಂಡರನ್ನು ಬಳ್ಳಾರಿಯಲ್ಲಿ ಬೋರು ಮಾಡಿಸಿ, ಒಂದು ಅಳತೆ ದಪ್ಪನೆಯ ಪಿಸ್ಟನ್ನು ಹಾಕಿಸಿದರು. ಆ ಮೇಸ್ತ್ರಿಯ ಕಡೆಗೆ ಮತ್ತೆ ಹೋಗಲಿಲ್ಲ. ಅಣ್ಣನ ಮಾತು ಕೇಳಿದ ನಮ್ಮೂರಿನ ಇನ್ನೂ ಮೂರು ನಾಲ್ಕು ಜನ ಗಾಡಿಯವರು ಅವರಲ್ಲಿಗೆ ಹೋಗುವುದನ್ನು ಬಿಟ್ಟರು. ಹಳೆಯ ಪಿಸ್ಟನ್ನು ಅಣ್ಣನ ಲೆಕ್ಕದ ಪುಸ್ತಕಗಳ ಮೇಲೆ ಭಾರವಾಗಿ ಕುಳಿತಿತು. ಮೂವತ್ತು ವರ್ಷ ಅದು ಅಲ್ಲಿಯೇ ಇತ್ತು.

ಅಂದಿನಿಂದ ಒಂದು ರೂಢಿ ಬೆಳೆಯಿತು. ನಾವು ಎಲ್ಲಿಗೆ ಹೊರಟರೂ ಅಣ್ಣ ತಾವೇ ಪೆಟ್ರೋಲಿಗೆ ಎಣ್ಣೆ ಬೆರೆಸಿ, ಟ್ಯಾಂಕು ತುಂಬಿಸಿ, ಬಾಯಿ ಮುಚ್ಚಿ ಕೊಡುತ್ತಿದ್ದರು. ದೂರದ ಊರಾದರೆ ಬೆರೆಸಿದ ಪೆಟ್ರೋಲಿನ ಡಬ್ಬಿಯೊಂದನ್ನು ಕಟ್ಟುತ್ತಿದ್ದರು. ಅದನ್ನು ನಾವು ತಮ್ಮನ ಮೇಲಿನ ಮಮತೆಯೆಂದೇ ತಿಳಿದೆವು.

ಕಾಲ ಸರಿಯಿತು. 1985ರಲ್ಲಿಯೇ ಬಂದಿದ್ದ ಹೀರೋ ಹೋಂಡಾದಂತಹ ಸಣ್ಣ ಫೋರ್ ಸ್ಟ್ರೋಕ್ ಗಾಡಿಗಳು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿ ಜನರ ಮನಸ್ಸನ್ನು ಗೆದ್ದವು. ಹೊಗೆಯ ಮೇಲಿನ ನಿಯಮಗಳು ಬಿಗಿಯಾದವು. ಎಣ್ಣೆ ಬೆರೆತ ಪೆಟ್ರೋಲನ್ನು ಉರಿಸಿ ನೀಲಿ ಹೊಗೆ ಬಿಡುವ ಯಂತ್ರಕ್ಕೆ ಅವು ಒಗ್ಗುವಂತಿರಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಎದ್ದಿತು. ಅದಿರಿನ ಲಾರಿಗಳು ಹೆದ್ದಾರಿಯನ್ನು ಹಗಲಿರುಳು ತುಂಬಿದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಒಮ್ಮೆಲೇ ದಾರಿ ಬಿಕೋ ಎಂದಿತು. ಅಷ್ಟು ಹೊತ್ತಿಗೆ ಅಣ್ಣನ ಯೆಜ್ಡಿ ಪಡಸಾಲೆಯ ಬದಿಯಲ್ಲಿ ಗೋಣಿತಾಟು ಹೊದ್ದು ನಿಂತು ಎಷ್ಟೋ ವರ್ಷವಾಗಿತ್ತು. 2019ರಲ್ಲಿ ಅಣ್ಣ ತೀರಿಕೊಂಡರು. ಕೊನೆಯ ದಿನಗಳಲ್ಲಿ ನಾವು ಅವರ ಮಂಚದ ಬಳಿ ಕುಳಿತು ಹಲವು ಸಲ ಬಾಯಿ ತೆರೆದೆವು. ಪ್ರತಿಸಲವೂ ಬೇರೆ ಏನನ್ನೋ ಆಡಿ ಮುಗಿಸಿದೆವು.

ಅಣ್ಣನ ಮಗ ಈಗ ತೋರಣಗಲ್ಲಿನಲ್ಲಿ ಫಿಟ್ಟರ್ ಕೆಲಸದಲ್ಲಿದ್ದಾನೆ. ನಲವತ್ತೈದರ ಗೃಹಸ್ಥ. 2018ರಲ್ಲಿ ಜಾವಾ ಹೆಸರಿನಲ್ಲಿ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಬಂದದ್ದನ್ನು ಕಂಡು ಅವನಿಗೆ ಹಳೆಯದರ ನೆನಪಾಯಿತು. ಹೊಸವು ಫೋರ್ ಸ್ಟ್ರೋಕ್ ಯಂತ್ರದವು; ಎಣ್ಣೆ ತನ್ನ ಜಾಗದಲ್ಲಿ ತಾನಿರುತ್ತದೆ, ಬೆರೆಸುವ ಕೆಲಸವಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾ, ಯೆಜ್ಡಿಗಳ ಒಡೆಯರು ಊರೂರುಗಳಲ್ಲಿ ಗಾಡಿಗಳನ್ನು ಹೊರತೆಗೆದು ಕೂಡುವ ಪದ್ಧತಿ ಇದೆಯಂತೆ. ಆ ದಿನಕ್ಕೆ ಅಪ್ಪನ ಗಾಡಿಯನ್ನು ಓಡಿಸಬೇಕೆಂದು ಅವನು ಕಳೆದ ವರ್ಷ ನಿಶ್ಚಯಿಸಿದ. "ಚಿಕ್ಕಪ್ಪ, ಈ ಇಂಜಿನ್ ಬಲ್ಲೋರು ಈಗ ಒಬ್ರೇ ಉಳದಾರ. ಕರಕೊಂಡು ಬರ್ತೀನಿ" ಎಂದ. ಯಾರನ್ನು ಎಂದು ನಾವು ಕೇಳಲಿಲ್ಲ. ನಮಗೆ ಗೊತ್ತಿತ್ತು.

ಮೇಸ್ತ್ರಿ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಕಣ್ಣು ಮಬ್ಬಾಗಿದೆ, ಬೆರಳು ಮಬ್ಬಾಗಿಲ್ಲ. ನಮ್ಮನ್ನು ಕಂಡು, "ಆರಾಮದೀರ ಶಾಸ್ತ್ರಿಗಳೇ?" ಎಂದು ವಿಚಾರಿಸಿ ಗಾಡಿಯ ಮುಂದೆ ಮಣೆ ಹಾಕಿಕೊಂಡು ಕುಳಿತರು. ಹುಡುಗ ಬಿಚ್ಚಿಕೊಡುತ್ತಿದ್ದ, ಅವರು ಮುಟ್ಟಿ ಮುಟ್ಟಿ ನೋಡಿ ಹೇಳುತ್ತಿದ್ದರು. ನಡುವೆ ಹುಡುಗ ಒಳಗೆ ಹೋಗಿ ಅಪ್ಪನ ಲೆಕ್ಕದ ಪುಸ್ತಕಗಳ ಮೇಲಿನ ಪಿಸ್ಟನ್ನನ್ನು ತಂದು, "ಇದು ಯಾವ ಕಾಲದ್ದು ನೋಡ್ರಿ" ಎಂದು ಅವರ ಕೈಯಲ್ಲಿಟ್ಟ.

ಅವರು ಹೆಬ್ಬೆರಳನ್ನು ಅದರ ಸುತ್ತ ನಿಧಾನವಾಗಿ ಆಡಿಸಿದರು. "ಇದು ನಂಗ ಗೊತ್ತೈತಿ" ಎಂದರು. "ಕೂಡಿಸೋದು ತಪ್ಪಿದ್ರ ಗೀರು ಒಂದ ಕಡೀಗೆ ಬೀಳತೈತಿ. ಇದು ನೋಡು, ಸುತ್ತಾಲೂ ಬಿದ್ದೈತಿ. ಎಣ್ಣಿ ಇಲ್ಲದ ಒಣಾ ಓಡೈತಿ."

ಹುಡುಗ ಏನೂ ತಿಳಿಯದೆ ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು. ಹೇಳುವ ಹೊತ್ತು ಬಂದಿತ್ತು. ಈ ಸಲ ಬೇರೆ ಮಾತಿಗೆ ಜಾರಲಿಲ್ಲ. ಬಂಕಿನಲ್ಲಿ ಮರೆತದ್ದು, ಬಾಟಲಿಯ ಎಣ್ಣೆಯನ್ನು ನೆಲಕ್ಕೆ ಸುರಿದದ್ದು, ಅಣ್ಣನಿಗೆ ಆಡಿದ ಸುಳ್ಳು, ಎಲ್ಲವನ್ನೂ ಆ ಅಂಗಳದಲ್ಲಿ ನಿಂತು ಹೇಳಿದೆವು. ಹೇಳಿ, "ನಿಮ್ಮ ಮೇಲೆ ಬಂದ ಅಪವಾದಕ್ಕೆ ಅಣ್ಣನದೇನೂ ತಪ್ಪಿಲ್ಲ. ಅವನಿಗೆ ಗೊತ್ತಿರಲಿಲ್ಲ" ಎಂದೆವು.

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾರಿಗೆ ಗೊತ್ತಿತ್ತು ಶಾಸ್ತ್ರಿಗಳೇ" ಎಂದರು.

ಆ ದಿನ ಇಂಜಿನ್ ಬಿಚ್ಚಿದಾಗ ಮೇಸ್ತ್ರಿ ಪಿಸ್ಟನ್ನಿನ ಗೀರು ತೋರಿಸಿದ್ದರಂತೆ. ಅಣ್ಣ ನಂಬದೆ, "ತಮ್ಮ ಸುಳ್ಳು ಹೇಳೋನಲ್ಲ" ಎಂದರಂತೆ. ಆಗ ಅವರು ಟ್ಯಾಂಕಿನ ಕೊಳವೆ ಬಿಚ್ಚಿ ಅಣ್ಣನ ಅಂಗೈಗೇ ಒಂದಿಷ್ಟು ಪೆಟ್ರೋಲು ಬಿಟ್ಟರು. ಎಣ್ಣೆ ಬೆರೆತ ಪೆಟ್ರೋಲು ಆರಿದ ಮೇಲೆ ಕೈಯಲ್ಲಿ ಜಿಡ್ಡು ಉಳಿಯುತ್ತದೆ. ಅಣ್ಣ ಬೆರಳು ಉಜ್ಜಿ ನೋಡಿದರು. ಕೈ ಒಣಗಿ ಬೆಳ್ಳಗಾಯಿತು, ಜಿಡ್ಡು ಇರಲಿಲ್ಲ. ಮತ್ತೊಮ್ಮೆ ಬಿಡಿಸಿಕೊಂಡು ಉಜ್ಜಿ ನೋಡಿದರು. ಆಮೇಲೆ ಬಹಳ ಹೊತ್ತು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದು, ಪಿಸ್ಟನ್ನನ್ನು ಕಿಸೆಗೆ ಹಾಕಿಕೊಂಡು ಎದ್ದರಂತೆ. "ಜನ ಅವನ ಬಾಯಿಂದ ಪುರಾಣ ಕೇಳ್ತಾರ" ಎಂದು ಒಂದೇ ಮಾತು ಹೇಳಿ ಹೋದರಂತೆ.

ಓದುಗ ಬಂಧುಗಳೇ, ಆ ಮಾತು ಕೇಳಿದ ಮೇಲೆ ನಮಗೆ ಎಷ್ಟೋ ಸಂಗತಿಗಳು ಬಿಡಿಸಿ ಕಂಡವು. ಅಣ್ಣ ತಾವೇ ಎಣ್ಣೆ ಬೆರೆಸಿ ಕೊಡುತ್ತಿದ್ದುದು ಏಕೆಂದು ತಿಳಿಯಿತು. ನಾವು ಹಬ್ಬಕ್ಕೋ ಲೆಕ್ಕಕ್ಕೋ ಅವರ ಎದುರು ಕುಳಿತಾಗಲೆಲ್ಲ ಆ ಗೀರುಬಿದ್ದ ಲೋಹ ನಮ್ಮಿಬ್ಬರ ನಡುವೆ ಏಕೆ ಇರುತ್ತಿತ್ತೆಂದು ತಿಳಿಯಿತು. ಅವರು ಒಂದು ದಿನವೂ ಕೇಳಲಿಲ್ಲ. ನಾವಾಗಿ ಹೇಳುವೆವೆಂದು ಮೂವತ್ತು ವರ್ಷ ಕಾದರು. ತಮ್ಮನ ಮಾನ ಉಳಿಸಲು ಅವರು ನ್ಯಾಯವನ್ನು ಬಿಟ್ಟರು. ಬೀದಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟರ ಮಟ್ಟಿಗೆ ಅಣ್ಣನದೂ ತಪ್ಪೇ. ಆದರೆ ಆ ತಪ್ಪನ್ನು ಅವರಿಂದ ಮಾಡಿಸಿದವರು ನಾವು. ಅದರ ಬೆಲೆ ತೆತ್ತವರು ನಮ್ಮಿಬ್ಬರಲ್ಲಿ ಯಾರೂ ಅಲ್ಲ. ಮಣೆಯ ಮೇಲೆ ಕುಳಿತಿದ್ದ ಈ ಮುದುಕರು.

ಅಣ್ಣನ ಮಗ ತನ್ನ ಎಡಗೈಯನ್ನು ನೋಡಿಕೊಂಡದ್ದನ್ನು ನಾವು ಕಂಡೆವು. ಅವನು ಆ ದಿನ ನಮ್ಮೊಡನೆ ಮಾತನಾಡಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬಂದು, "ಚಿಕ್ಕಪ್ಪ, ಕೈ ಹೋಗಲಿ ಬಿಡ್ರಿ. ಅಪ್ಪಗ ಹೇಳಬೇಕಿತ್ತು" ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಮೇಸ್ತ್ರಿಯ ಕ್ಷಮೆಯನ್ನು ನಾವು ಕೈಮುಗಿದು ಕೇಳಿದೆವು. ಅವರು ಮುಖ ತಿರುಗಿಸಿ, "ಅದೆಲ್ಲ ಇರಲಿ. ಲೀಟರಿಗೆ ಎಣ್ಣಿ ಎಷ್ಟು? ಹೇಳ್ರಿ ನೋಡೋಣ" ಎಂದರು. ನಾವು ಪಾಠ ಒಪ್ಪಿಸುವ ಹುಡುಗನಂತೆ, "ನಲವತ್ತು ಮಿಲಿ" ಎಂದೆವು. "ಈಗ ಬಂತು" ಎಂದು ಅವರು ಮತ್ತೆ ಕೆಲಸಕ್ಕೆ ಕೈಹಾಕಿದರು.

ಯಂತ್ರವನ್ನು ಜಡವೆನ್ನುತ್ತೇವೆ. ಅದಕ್ಕೆ ಮಾತು ಬಾರದು, ನಿಜ. ಆದರೆ ನಾವು ಅದಕ್ಕೆ ಮಾಡಿದ್ದನ್ನು ಅದು ತನ್ನ ಮೈಮೇಲೆ ಬರೆದಿಟ್ಟುಕೊಳ್ಳುತ್ತದೆ. ಓದಬಲ್ಲ ಬೆರಳು ಬಂದ ದಿನ ಆ ಬರಹ ಓದಿಸಿಕೊಳ್ಳುತ್ತದೆ. ಓಲೆಗರಿಯ ಸವೆದ ಅಕ್ಷರವನ್ನು ಬಿಡಿಸಿ ಓದುವೆವೆಂದು ಬೀಗುತ್ತಿದ್ದ ನಮಗೆ ಮನೆಯೊಳಗಿನ ಆ ಒಂದು ಬರಹ ಓದಲು ಬಂದಿರಲಿಲ್ಲ.

ಜುಲೈ ತಿಂಗಳ ಆ ಭಾನುವಾರ ಗಾಡಿ ಸಿದ್ಧವಾಯಿತು. ಹೊರಡುವ ಮುನ್ನ ಹುಡುಗ ಅಳತೆಯ ಮುಚ್ಚಳವನ್ನು ನಮ್ಮ ಕೈಗೆ ಕೊಟ್ಟು, "ನೀವ ಹಾಕ್ರಿ" ಎಂದ. ಕೈ ನಡುಗುತ್ತಿತ್ತು, ಒಂದೆರಡು ಹನಿ ಟ್ಯಾಂಕಿನ ಮೇಲೆ ಚೆಲ್ಲಿದವು. ಐದು ಲೀಟರಿಗೆ ಐದು ಅಳತೆ ಎಣಿಸಿ ಹಾಕಿದೆವು. ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಅವನು ಹೊಸಪೇಟೆಯ ಕಡೆಗೆ ಹೊರಟ. ಆ ಎರಡು ಕೊಳವೆಗಳ ದನಿ ರೈಲು ಗೇ‍ಟಿನ ಆಚೆಗೂ ಬಹಳ ಹೊತ್ತು ಕೇಳಿಸುತ್ತಿತ್ತು. ಅತ್ತಿಗೆಯವರು ಬಾಗಿಲಿಗೆ ಬಂದು ನಿಂತಿದ್ದರು.

ಇದನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವೇನಿತ್ತು ಎಂದು ಮನೆಯವರು ಕೇಳಿದರು. ಅಪವಾದ ಹುಟ್ಟಿದ್ದು ಬೀದಿಯಲ್ಲಿ, ಹತ್ತು ಜನರ ಮುಂದೆ. ಕ್ಷಮೆ ಕೇಳಿದ್ದು ಅಂಗಳದಲ್ಲಿ, ಇಬ್ಬರ ಮುಂದೆ. ಲೆಕ್ಕ ಸರಿಹೋಗಲಿಲ್ಲ. ಈ ಪತ್ರಿಕೆ ಹೊಸಪೇಟೆಯ ಆ ಬೀದಿಗೂ ಹೋಗುತ್ತದೆ, ನಮ್ಮೂರಿನ ಮನೆಗಳಿಗೂ ಬರುತ್ತದೆ. 1989ರ ಶ್ರಾವಣದಲ್ಲಿ ಆ ಇಂಜಿನ್ ಕಚ್ಚಿಕೊಂಡದ್ದು ಮೇಸ್ತ್ರಿಯ ಕೈತಪ್ಪಿನಿಂದಲ್ಲ, ನಮ್ಮ ಮರೆವಿನಿಂದ. ಬಲ್ಲವರು ಇದನ್ನು ಅರಿಯದವರಿಗೂ ಓದಿ ಹೇಳಬೇಕೆಂದು ಬೇಡಿಕೊಳ್ಳುತ್ತೇವೆ.